ಕಾಫಿ ತೇವಾಂಶ ಮೀಟರ್ ಇಟಲಿಗೆ ಕಳಿಸಬೇಕು: ಸಿಇ, ಇಎಂಸಿ ಟೆಸ್ಟ್ ಎಲ್ಲಿಂದ ಶುರು ಮಾಡೋದು?

ಸುಂಟಿಕೊಪ್ಪದ ತೋಟದವ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ರೊಬಸ್ಟಾ ತೋಟ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ತೋಟದ ಕೆಲಸದ ಜೊತೆಗೆ ಕಾಫಿಯ ತೇವಾಂಶ ಅಳೆಯುವ ಸಣ್ಣ ಮೀಟರ್ ಒಂದನ್ನು ಮಾಡಿದ್ದೇನೆ. ಕಣದಲ್ಲಿ ಚೆರಿ ಒಣಗಿದೆಯಾ ಇಲ್ಲವಾ ಅಂತ ಈಗಲೂ ಎಷ್ಟೋ ಕಡೆ ಕೈಯಲ್ಲಿ ಹಿಡಿದು ಅಲುಗಾಡಿಸಿ, ಸದ್ದು ಕೇಳಿ ಹೇಳುತ್ತಾರೆ. ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೇಲೆ ಅಲ್ಲಿನ ಮೀಟರ್ ಬೇರೆಯೇ ಹೇಳುತ್ತದೆ, ರೇಟು ಇಳಿಯುತ್ತದೆ. ಆ ಜಗಳ ತಪ್ಪಲಿ ಅಂತಲೇ ಇದನ್ನು ಮಾಡಿದ್ದು.

ಮೀಟರ್ ಹೀಗಿದೆ: ಒಂದು ಸ್ಟೀಲ್ ಕಪ್, ಅದರ ನಡುವೆ ಒಂದು ಕಂಬಿ. ಬೀಜ ತುಂಬಿದಾಗ ಎರಡರ ನಡುವಿನ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ) ಬದಲಾಗುತ್ತದೆ. ಅದರ ಮೇಲೆ ತೂಕ ಮತ್ತು ಉಷ್ಣಾಂಶದ ಲೆಕ್ಕ ಸೇರಿಸಿ ತೇವಾಂಶ ತೋರಿಸುತ್ತೇನೆ. ಒಳಗೆ ಒಂದು ಇಎಸ್‌ಪಿ32 ಮಾಡ್ಯೂಲ್ (ಬ್ಲೂಟೂತ್ ಒಳಗೇ ಇರುವ ಕಂಟ್ರೋಲರ್), ಸಣ್ಣ ಡಿಸ್‌ಪ್ಲೇ, ಒಂದು ಲಿಥಿಯಂ ಸೆಲ್. ಚಾರ್ಜಿಂಗ್ ಯುಎಸ್‌ಬಿ-ಸಿ ಮೂಲಕ. ಬ್ಲೂಟೂತ್‌ನಲ್ಲಿ ಫೋನ್ ಆಪ್‌ಗೆ ರೀಡಿಂಗ್ ಹೋಗುತ್ತದೆ.

ಇಲ್ಲಿಂದ ಕಾಫಿ ತರಿಸಿಕೊಳ್ಳುವ ಇಟಲಿಯ ಒಬ್ಬ ರೋಸ್ಟರ್ (ಕಾಫಿ ಹುರಿದು ಮಾರುವವರು) ಇದನ್ನು ನೋಡಿ ಇಷ್ಟಪಟ್ಟರು. ಮೊದಲ ಲಾಟ್ 40 ಬೇಕು ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಸಿಇ, ಅಂದರೆ ಯುರೋಪಿನಲ್ಲಿ ಮಾರಲು ಬೇಕಾದ ಗುರುತು, ಇದೆಯಾ? ನೆಟ್‌ನಲ್ಲಿ ಸಿಕ್ಕ ಒಬ್ಬ ಏಜೆಂಟ್, ಮೀಟರ್ ಕಳಿಸುವುದೇ ಬೇಡ, ಫೋಟೋ ಮತ್ತು ದುಡ್ಡು ಕಳಿಸಿ, ವಾರದಲ್ಲಿ ಸರ್ಟಿಫಿಕೇಟ್ ಬರುತ್ತದೆ ಅನ್ನುತ್ತಿದ್ದಾರೆ. ಟೆಸ್ಟೇ ಇಲ್ಲದೆ ಸರ್ಟಿಫಿಕೇಟ್ ಹೇಗೆ ಅಂತ ಅರ್ಥವಾಗುತ್ತಿಲ್ಲ.

ಇನ್ನೊಂದು ವಿಷಯ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಹತ್ತಿರ ಒಂದು ಹಳೇ ಕೀಪ್ಯಾಡ್ ಫೋನ್ ಇದೆ. ಅವರು ಮೀಟರ್ ಪಕ್ಕ ನಿಂತು ಮಾತಾಡಿದರೆ ರೀಡಿಂಗ್ ಶೇಕಡಾ 11ರಿಂದ 13ಕ್ಕೆ ಹಾರುತ್ತದೆ. ನನ್ನ ಫೋನ್‌ಗೆ ಅಷ್ಟು ಆಗುವುದಿಲ್ಲ. ಇದಕ್ಕೂ ಇಎಂಸಿಗೂ (ಉಪಕರಣಗಳು ಒಂದಕ್ಕೊಂದು ರೇಡಿಯೊ ತೊಂದರೆ ಕೊಡದೆ ಕೆಲಸ ಮಾಡುವುದು) ಸಂಬಂಧ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕೂಡ್ಲೂರು ವರ್ಕ್‌ಶಾಪ್:

ನಾನು ಮೆಣಸು ಬಿಡಿಸುವ ಮಷೀನ್ ಮಾಡುವವನು, ವಿದೇಶದ ವ್ಯವಹಾರ ನನಗಿಲ್ಲ. ಆದರೂ ಒಂದು ಮಾತು. 40 ಪೀಸ್‌ಗೆ ಲ್ಯಾಬ್ ಖರ್ಚು ಹಾಕಿದರೆ ಲಾಭ ಎಲ್ಲಿ ಉಳಿಯುತ್ತದೆ? ಏಜೆಂಟ್ ಕಾಗದ ಕೊಡುತ್ತಾನೆ ಅಂದರೆ ತೆಗೆದುಕೊಂಡು ಮೊದಲ ಲಾಟ್ ಕಳಿಸಿಬಿಡಿ. ವ್ಯಾಪಾರ ಕುದುರಿದ ಮೇಲೆ ಟೆಸ್ಟ್ ಮಾಡಿಸಿ. ಸಣ್ಣವರು ಬದುಕಬೇಕಲ್ಲ.

ಪೊನ್ನಂಪೇಟೆ ಆಂಟೆನಾ:

ಬೆಂಗಳೂರಿನಲ್ಲಿ ಇಎಂಸಿ ಲ್ಯಾಬ್ ಒಂದರಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಜಿಲ್ಲೆಯಿಂದ ಒಬ್ಬರು ಅಳತೆಯ ಉಪಕರಣ ಮಾಡಿ ಹೊರಗೆ ಕಳಿಸಲು ಹೊರಟಿದ್ದಾರೆ ಅಂತ ಓದಿ ತುಂಬಾ ಖುಷಿಯಾಯಿತು. ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ಮೊದಲು ಆ ಏಜೆಂಟ್ ವಿಷಯ. ಬೇಡ. ವರ್ಕ್‌ಶಾಪ್ ಅಣ್ಣನ ಕಾಳಜಿ ಅರ್ಥವಾಗುತ್ತದೆ. ಆದರೆ ಸಿಇ ಅನ್ನುವುದು ಯಾರೋ ಕೊಡುವ ಸರ್ಟಿಫಿಕೇಟ್ ಅಲ್ಲ. ತಯಾರಕರು ತಾವೇ ಸಹಿ ಹಾಕಿ, "ಈ ಉಪಕರಣ ಯುರೋಪಿನ ಇಂಥ ಕಾನೂನುಗಳಿಗೆ ಸರಿಯಾಗಿದೆ" ಅಂತ ಘೋಷಿಸುವುದು. ಆ ಘೋಷಣೆಯ ಹಿಂದೆ ಟೆಸ್ಟ್ ರಿಪೋರ್ಟ್, ಸರ್ಕ್ಯೂಟ್, ಭಾಗಗಳ ಪಟ್ಟಿ, ಅಪಾಯದ ವಿಶ್ಲೇಷಣೆ ಎಲ್ಲಾ ಸೇರಿದ ಫೈಲ್ ಇರಬೇಕು. ಅದನ್ನು 10 ವರ್ಷ ಇಟ್ಟುಕೊಂಡಿರಬೇಕು. ಅಲ್ಲಿನ ಅಧಿಕಾರಿಗಳು ಕೇಳಿದಾಗ ತೋರಿಸಬೇಕಾದದ್ದು ಆ ಫೈಲ್. ಫೋಟೋ ನೋಡಿ ಕೊಟ್ಟ ಕಾಗದಕ್ಕೆ ಅಲ್ಲಿ ಬೆಲೆ ಇಲ್ಲ, ಜವಾಬ್ದಾರಿ ನಿಮ್ಮ ತಲೆ ಮೇಲೆಯೇ ಇರುತ್ತದೆ. ನಮ್ಮ ಊರಿನ ಕಾಫಿಯನ್ನು ನಂಬಿ ತರಿಸಿಕೊಳ್ಳುವ ರೋಸ್ಟರ್ ಆತ, ಅವರ ಹೆಸರಿಗೂ ಕಷ್ಟ ಬರುತ್ತದೆ. ಕೆಲವು ಉಪಕರಣಗಳಿಗೆ ನೋಟಿಫೈಡ್ ಬಾಡಿ ಅಂತ ಮೂರನೆಯವರ ಪರಿಶೀಲನೆ ಬೇಕಾಗುವುದು ನಿಜ. ಆದರೆ ಅವರಿಗೆ ನಾಲ್ಕು ಅಂಕಿಯ ನಂಬರ್ ಇರುತ್ತದೆ. ಯುರೋಪಿಯನ್ ಕಮಿಷನ್ನಿನ ನ್ಯಾಂಡೊ ಪಟ್ಟಿಯಲ್ಲಿ ಆ ನಂಬರ್ ಹುಡುಕಿ ನೋಡಬಹುದು. ಏಜೆಂಟನ್ನು ಆ ನಂಬರ್ ಕೇಳಿ, ಉತ್ತರ ಗೊತ್ತಾಗುತ್ತದೆ.

ಈಗ ಯಾವ ಕಾನೂನು ಅಂತ. ಎಲ್ಲರೂ ಇಎಂಸಿ ಡೈರೆಕ್ಟಿವ್, ಅಂದರೆ 2014/30/ಇಯು ಅಂತ ಶುರು ಮಾಡುತ್ತಾರೆ. ನಿಮ್ಮ ಮೀಟರ್‌ನಲ್ಲಿ ಬ್ಲೂಟೂತ್ ಇದೆ, ಹಾಗಾಗಿ ಅದು ರೇಡಿಯೊ ಉಪಕರಣ. ಅದಕ್ಕೆ ಅನ್ವಯಿಸುವುದು ರೇಡಿಯೊ ಎಕ್ವಿಪ್‌ಮೆಂಟ್ ಡೈರೆಕ್ಟಿವ್, 2014/53/ಇಯು. ಅದರೊಳಗೇ ಸುರಕ್ಷತೆ, ಇಎಂಸಿ, ರೇಡಿಯೊ ತರಂಗದ ಸರಿಯಾದ ಬಳಕೆ ಮೂರೂ ಬರುತ್ತವೆ. ಜೊತೆಗೆ ಸೀಸ ಮುಂತಾದ ವಸ್ತುಗಳ ಮಿತಿಗೆ ರೋಹ್ಸ್, 2011/65/ಇಯು. ಬ್ಲೂಟೂತ್ ತೆಗೆದುಬಿಟ್ಟರೆ ಇಎಂಸಿ ಡೈರೆಕ್ಟಿವ್ ಮತ್ತು ರೋಹ್ಸ್ ಮುಖ್ಯ. ಲೋ ವೋಲ್ಟೇಜ್ ಡೈರೆಕ್ಟಿವ್ ಡಿಸಿಗೆ 75 ವೋಲ್ಟ್‌ನಿಂದ ಶುರುವಾಗುತ್ತದೆ, ನಿಮ್ಮದು 5 ವೋಲ್ಟ್, ಹಾಗಾಗಿ ಬರುವುದಿಲ್ಲ. ಚಾರ್ಜರ್ ಮಾತ್ರ ಡಬ್ಬದಲ್ಲಿ ಹಾಕಬೇಡಿ. ಹಾಕಿದರೆ ಅದರ ಜವಾಬ್ದಾರಿಯೂ ಮೈಮೇಲೆ ಬರುತ್ತದೆ.

ಬ್ಲೂಟೂತ್ ಬೇಕೇ ಬೇಕಾ ಅಂತ ನಿಜವಾಗಿ ಯೋಚನೆ ಮಾಡಿ. 2025ರ ಆಗಸ್ಟ್ 1ರಿಂದ ಯುರೋಪಿನಲ್ಲಿ ಇನ್ನೊಂದು ನಿಯಮ ಜಾರಿಗೆ ಬಂದಿದೆ. ನೇರವಾಗಿ ಅಥವಾ ಫೋನ್ ಮೂಲಕ ಇಂಟರ್ನೆಟ್‌ಗೆ ಸೇರುವ ರೇಡಿಯೊ ಉಪಕರಣಕ್ಕೆ ಸೈಬರ್ ಭದ್ರತೆಯನ್ನೂ ತೋರಿಸಬೇಕು. ಅದಕ್ಕೆ ಇಎನ್ 18031 ಅಂತ ಸ್ಟ್ಯಾಂಡರ್ಡ್ ಇದೆ. ನಿಮ್ಮ ಆಪ್ ರೀಡಿಂಗ್ ಅನ್ನು ಕ್ಲೌಡ್‌ಗೆ ಕಳಿಸುತ್ತದೆಯಾ? ಹಾಗಿದ್ದರೆ ಇದನ್ನು ಓದಲೇಬೇಕು. ರೋಸ್ಟರ್‌ಗೆ ಡಿಸ್‌ಪ್ಲೇ ಸಾಕು ಅಂದರೆ ಬ್ಲೂಟೂತ್ ಇಲ್ಲದ ಮಾಡೆಲ್ ಮೊದಲು ಕಳಿಸುವುದು ನನ್ನ ಮಟ್ಟಿಗೆ ಜಾಣತನ.

ಮಾಡ್ಯೂಲ್‌ಗೆ ಸಿಇ ಇದೆ, ಹಾಗಾದರೆ ಮೀಟರ್‌ಗೂ ಇದೆ ಅಂತ ಅಂದುಕೊಳ್ಳಬೇಡಿ. ಯುರೋಪಿನಲ್ಲಿ ಮಾಡ್ಯೂಲ್‌ನ ರಿಪೋರ್ಟ್ ಅನ್ನು ನಿಮ್ಮ ಫೈಲ್‌ನಲ್ಲಿ ಆಧಾರವಾಗಿ ಇಡಬಹುದು, ಅಷ್ಟೇ. ಪೂರ್ತಿ ಮೀಟರ್‌ಗೆ ಉತ್ತರ ಹೇಳಬೇಕಾದವರು ನೀವು. ಅಮೆರಿಕದಲ್ಲಿ ಸ್ವಲ್ಪ ಬೇರೆ. ಅಲ್ಲಿನ ರೇಡಿಯೊ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಐಡಿ ಇರುವ ಮಾಡ್ಯೂಲ್ ಅನ್ನು ಅದರ ಷರತ್ತಿನಂತೆ ಬಳಸಿದರೆ ರೇಡಿಯೊ ಭಾಗಕ್ಕೆ ಹೊಸ ಐಡಿ ಬೇಡ. ಉಳಿದ ಸರ್ಕ್ಯೂಟ್‌ಗೆ ಎಸ್‌ಡಿಒಸಿ ಅನ್ನುವ ಸ್ವಂತ ಘೋಷಣೆ ಸಾಕು, ಆದರೆ ಅದಕ್ಕೆ ಅಮೆರಿಕದಲ್ಲಿ ವಿಳಾಸ ಇರುವ ಜವಾಬ್ದಾರರು ಬೇಕು.

ಇನ್ನು ರೈಟರ್ ಫೋನ್. ಇಡೀ ಪ್ರಶ್ನೆಯಲ್ಲಿ ಅದೇ ಅತಿ ಮುಖ್ಯವಾದ ಸಾಲು. ಇಎಂಸಿಗೆ ಎರಡು ಮುಖ. ಒಂದು ಎಮಿಷನ್, ನಿಮ್ಮ ಮೀಟರ್ ಬೇರೆಯವರ ರೇಡಿಯೊಗೆ ಎಷ್ಟು ತೊಂದರೆ ಕೊಡುತ್ತದೆ ಅನ್ನುವುದು. ಇನ್ನೊಂದು ಇಮ್ಯೂನಿಟಿ, ಬೇರೆಯವರ ರೇಡಿಯೊ ಮುಂದೆ ನಿಮ್ಮ ಮೀಟರ್ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು. ಅಮೆರಿಕದ ಎಫ್‌ಸಿಸಿ ಇಂಥ ಉಪಕರಣಕ್ಕೆ ಎಮಿಷನ್ ಮಾತ್ರ ಕೇಳುತ್ತದೆ. ಯುರೋಪ್ ಎರಡನ್ನೂ ಕೇಳುತ್ತದೆ. ಅಳತೆಯ ಉಪಕರಣಕ್ಕೆ ಎರಡನೆಯದೇ ಪ್ರಾಣ, ಅಲ್ವಾ? ತಪ್ಪು ಹೇಳುವ ಮೀಟರ್ ಇದ್ದರೆಷ್ಟು ಬಿಟ್ಟರೆಷ್ಟು.

ಕೀಪ್ಯಾಡ್ ಫೋನ್‌ಗೇ ಯಾಕೆ ಜಾಸ್ತಿ ಅಂತ ನೋಡಿ. 2ಜಿ ಫೋನ್ 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೂ ಬಿಡುತ್ತದೆ. 4ಜಿ ಫೋನ್ ಸಾಮಾನ್ಯವಾಗಿ 0.2 ವ್ಯಾಟ್‌ವರೆಗೆ. ಹತ್ತಿರದ ಲೆಕ್ಕಕ್ಕೆ ಒಂದು ಸೂತ್ರ ಇದೆ: ವ್ಯಾಟ್‌ನ ವರ್ಗಮೂಲವನ್ನು 7ರಿಂದ ಗುಣಿಸಿ, ದೂರದಿಂದ ಭಾಗಿಸಿ. ಅರ್ಧ ಮೀಟರ್ ದೂರದಲ್ಲಿ 2 ವ್ಯಾಟ್ ಅಂದರೆ ಸುಮಾರು 20 ವೋಲ್ಟ್ ಪ್ರತಿ ಮೀಟರ್. 0.2 ವ್ಯಾಟ್ ಅಂದರೆ 6 ಚಿಲ್ಲರೆ. ಮೇಲಾಗಿ ನಮ್ಮ ತೋಟಗಳಲ್ಲಿ ಸಿಗ್ನಲ್ ಕಡಿಮೆ. ಟವರ್ ದೂರ ಇದ್ದಷ್ಟೂ ಫೋನ್ ತನ್ನ ಪೂರ್ತಿ ಪವರ್‌ನಲ್ಲಿ ಕೂಗುತ್ತದೆ. 2ಜಿ ಫೋನ್ ಸೆಕೆಂಡಿಗೆ 217 ಬಾರಿ ಆನ್ ಆಫ್ ಆಗುತ್ತಾ ಕಳಿಸುತ್ತದೆ. ಹಳೇ ರೇಡಿಯೊ ಪಕ್ಕ ಇಟ್ಟರೆ ಟರ್ ಟರ್ ಅನ್ನುತ್ತಿತ್ತಲ್ಲ, ಅದೇ. ನಿಮ್ಮ ಸೆನ್ಸರ್ ಸರ್ಕ್ಯೂಟ್ ಆ ಏರಿಳಿತವನ್ನು ಹಿಡಿದು ಡಿಸಿ ಮಾಡಿಕೊಂಡು ಕೆಪಾಸಿಟೆನ್ಸ್ ಅಂತ ಲೆಕ್ಕ ಹಾಕುತ್ತಿದೆ.

ಲ್ಯಾಬ್‌ನಲ್ಲೂ ಇದನ್ನೇ ಮಾಡುತ್ತಾರೆ. ಐಇಸಿ 61000-4-3 ಅನ್ನುವ ಟೆಸ್ಟ್. ಹೊರಗಿನ ರೇಡಿಯೊ ಬಾರದಂಥ ಚೇಂಬರ್ ಒಳಗೆ ಮೀಟರ್ ಇಟ್ಟು, ಎದುರಿಗೆ ಆಂಟೆನಾ ಇಟ್ಟು, 80 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗುತ್ತಾರೆ. ಆ ಅಲೆಯ ಬಲವನ್ನು ಸೆಕೆಂಡಿಗೆ ಸಾವಿರ ಸಲ ಏರಿಳಿಸುತ್ತಾರೆ, ಅದನ್ನೇ 1 ಕಿಲೋಹರ್ಟ್ಸ್, 80 ಶೇಕಡಾ ಎಎಂ ಅನ್ನುವುದು. ಮನೆ, ಅಂಗಡಿಯಂಥ ಜಾಗಕ್ಕೆ 3 ವೋಲ್ಟ್ ಪ್ರತಿ ಮೀಟರ್, ಕಾರ್ಖಾನೆಗೆ 10. ಅಳತೆಯ ಉಪಕರಣಗಳಿಗೆ ಐಇಸಿ 61326-1, ಬ್ಲೂಟೂತ್ ಇದ್ದರೆ ಇಎನ್ 301 489-1 ಮತ್ತು ಅದರ 17ನೇ ಭಾಗ ನೋಡಿ. ನೀವು 3ಕ್ಕೆ ಪಾಸಾಗಿ ಸುಮ್ಮನಾಗಬೇಡಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಕಣದಲ್ಲಿ ಬಳಸುವ ಮೀಟರ್ ಇದು. 10ಕ್ಕೆ ಮಾಡಿಸಿ.

ಸುಂಟಿಕೊಪ್ಪದ ತೋಟದವ:

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಏಜೆಂಟ್‌ಗೆ ಬೇಡ ಅಂತ ಹೇಳಿಬಿಟ್ಟೆ. ರೋಸ್ಟರ್‌ಗೂ ಕೇಳಿದೆ, ಅವರಿಗೆ ಡಿಸ್‌ಪ್ಲೇ ಸಾಕಂತೆ. ಈಗ ಕಪ್‌ನಿಂದ ಬೋರ್ಡ್‌ಗೆ ಸುಮಾರು 12 ಸೆಂಟಿಮೀಟರ್ ವೈರ್ ಇದೆ, ಸಾದಾ ವೈರ್. ಬೋರ್ಡ್ ಎರಡು ಲೇಯರ್. ಡಬ್ಬ ಪ್ಲಾಸ್ಟಿಕ್. ಲ್ಯಾಬ್‌ಗೆ ಹೋಗುವ ಮೊದಲು ಏನು ಬದಲಾಯಿಸಲಿ? ಲ್ಯಾಬ್ ಯಾವುದು? ಟೆಸ್ಟ್ ದಿನ ನಾನೇ ಇರಬೇಕಾ?

ಪೊನ್ನಂಪೇಟೆ ಆಂಟೆನಾ:

ಆ 12 ಸೆಂಟಿಮೀಟರ್ ವೈರೇ ನಿಮ್ಮ ಆಂಟೆನಾ. 900 ಮೆಗಾಹರ್ಟ್ಸ್‌ನ ಅಲೆ ಸುಮಾರು 33 ಸೆಂಟಿಮೀಟರ್ ಉದ್ದ, ಅದರ ಕಾಲು ಭಾಗ 8 ಸೆಂಟಿಮೀಟರ್ ಚಿಲ್ಲರೆ. ಅಲ್ಲಿಂದ ಮುಂದಕ್ಕೆ ಎಲ್ಲವನ್ನೂ ಚೆನ್ನಾಗಿ ಹಿಡಿಯುತ್ತದೆ. ಕೆಪಾಸಿಟೆನ್ಸ್ ಅಳೆಯುವ ಐಸಿಯನ್ನು ಕಪ್ ತಳಕ್ಕೇ ಅಂಟಿಸಿದ ಸಣ್ಣ ಬೋರ್ಡ್ ಮೇಲೆ ತನ್ನಿ. ಹೊರಗಿನ ಸ್ಟೀಲ್ ಕಪ್ ಗ್ರೌಂಡ್ ಆಗಲಿ, ನಡುವಿನ ಕಂಬಿ ಮಾತ್ರ ಸೆನ್ಸ್ ಮಾಡಲಿ. ಆಗ ಕಪ್ಪೇ ಕಂಬಿಗೆ ಶೀಲ್ಡ್ ಆಗುತ್ತದೆ. ಮೇಲಿನ ಬಾಯಿಗೆ ಲೋಹದ ಮುಚ್ಚಳ ಕೊಟ್ಟು, ಅದು ಕಪ್ಪಿಗೆ ಸುತ್ತಲೂ ಚೆನ್ನಾಗಿ ತಾಗುವಂತೆ ಮಾಡಿ. ಕಂಬಿಯಿಂದ ಐಸಿ ಕಾಲಿಗೆ ಹೋಗುವ ದಾರಿಯಲ್ಲಿ ಕೆಲವು ನೂರು ಓಮ್‌ನ ರೆಸಿಸ್ಟರ್ ಹಾಕಿ ನೋಡಿ. ಅಳತೆಯ ನಿಧಾನ ಗತಿಗೆ ಅದು ಅಡ್ಡಿಯಾಗುವುದಿಲ್ಲ, ರೇಡಿಯೊಗೆ ಅಡ್ಡಿ ಮಾಡುತ್ತದೆ.

ಮುಖ್ಯ ಬೋರ್ಡ್ ನಾಲ್ಕು ಲೇಯರ್ ಮಾಡಿ, ಒಂದು ಲೇಯರ್ ಪೂರ್ತಿ ಗ್ರೌಂಡ್, ನಡುವೆ ಸೀಳು ಬೇಡ. ಈ ಒಂದು ಬದಲಾವಣೆ ಎಮಿಷನ್‌ಗೂ ಇಮ್ಯೂನಿಟಿಗೂ ಕೆಲಸಕ್ಕೆ ಬರುತ್ತದೆ. ಯುಎಸ್‌ಬಿ ಕನೆಕ್ಟರ್ ಪಕ್ಕದಲ್ಲೇ ಇಎಸ್‌ಡಿ (ಮೈಯಿಂದ ಚಟ್ ಅಂತ ಹಾರುವ ಸ್ಥಿರ ವಿದ್ಯುತ್) ತಡೆಯುವ ಡಯೋಡ್ ಇರಲಿ, ಒಳಗೆ ದೂರದಲ್ಲಿ ಅಲ್ಲ. ಇಎಸ್‌ಡಿ ಟೆಸ್ಟ್‌ನಲ್ಲಿ ಲೋಹಕ್ಕೆ ನೇರ ತಾಗಿಸಿ 4 ಕಿಲೋವೋಲ್ಟ್, ಗಾಳಿಯ ಮೂಲಕ 8 ಕಿಲೋವೋಲ್ಟ್ ಹೊಡೆಯುತ್ತಾರೆ. ನಿಮ್ಮ ಸ್ಟೀಲ್ ಕಪ್ಪಿಗೇ ಮೊದಲ ಏಟು. ನಮ್ಮ ಮಳೆಗಾಲದಲ್ಲಿ ಕೂತು ಬೆರಳಿನಿಂದ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ, ಗಾಳಿ ಅಷ್ಟು ಒದ್ದೆ. ಇಟಲಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಬಳಸಿದಾಗ ಗೊತ್ತಾಗುತ್ತದೆ.

ಎಮಿಷನ್‌ನಲ್ಲಿ ಕಷ್ಟ ಬರುವುದು ಚಾರ್ಜಿಂಗ್ ಕೇಬಲ್ ಹಾಕಿದಾಗ. 1 ಮೀಟರ್ ಕೇಬಲ್ 75 ಮೆಗಾಹರ್ಟ್ಸ್‌ಗೆ ಕಾಲು ಅಲೆ. 50 ಮೆಗಾಹರ್ಟ್ಸ್‌ನಲ್ಲಿ ಅಂಥ ಕೇಬಲ್ ಮೇಲೆ 5 ಮೈಕ್ರೊಆಂಪಿಯರ್ ಕಾಮನ್ ಮೋಡ್ ಕರೆಂಟ್ (ಎಲ್ಲಾ ತಂತಿಗಳಲ್ಲೂ ಒಂದೇ ದಿಕ್ಕಿಗೆ ಹೋಗುವುದು) ಹರಿದರೆ ಸಾಕು, 3 ಮೀಟರ್ ದೂರದಲ್ಲಿ ಎಫ್‌ಸಿಸಿ ಕ್ಲಾಸ್ ಬಿ, ಅಂದರೆ ಮನೆಬಳಕೆಯ, ಮಿತಿ ದಾಟುತ್ತದೆ. ಅಲ್ಲಿ ಮಿತಿ 100 ಮೈಕ್ರೊವೋಲ್ಟ್ ಪ್ರತಿ ಮೀಟರ್. ಡಿಸಿ ಕನ್ವರ್ಟರ್‌ನ ಇಂಡಕ್ಟರ್, ಕೆಪಾಸಿಟರ್ ಎಲ್ಲಾ ಒತ್ತೊತ್ತಾಗಿ ಇಡಿ, ಆ ಲೂಪ್ ಚಿಕ್ಕದಿರಲಿ.

ಲ್ಯಾಬ್ ಬಗ್ಗೆ. ಬೆಂಗಳೂರಿನ ಪೀಣ್ಯದಲ್ಲಿ ಎಸ್‌ಟಿಕ್ಯೂಸಿಯ ಇಟಿಡಿಸಿ ಇದೆ, ಚೆನ್ನೈನಲ್ಲಿ ಸಮೀರ್ ಇದೆ, ಎರಡೂ ಕೇಂದ್ರ ಸರ್ಕಾರದವು. ಖಾಸಗಿ ಲ್ಯಾಬ್‌ಗಳೂ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಲ್ಯಾಬ್‌ಗಳನ್ನು ಪರಿಶೀಲಿಸುವ ಎನ್‌ಎಬಿಎಲ್‌ನ ಮಾನ್ಯತೆ ಇದೆ ಅಂದರೆ ಸಾಲದು. ಮಾನ್ಯತೆಯ ಸ್ಕೋಪ್ (ಯಾವ ಯಾವ ಟೆಸ್ಟ್‌ಗೆ ಅನ್ನುವ ಪಟ್ಟಿ) ತೆಗೆದು ನಿಮಗೆ ಬೇಕಾದ ಸ್ಟ್ಯಾಂಡರ್ಡ್‌ನ ನಂಬರ್, ವರ್ಷ ಅದರಲ್ಲಿ ಇದೆಯಾ ನೋಡಿ. ಪೂರ್ತಿ ಟೆಸ್ಟ್‌ಗೆ ಮೊದಲು ಗಂಟೆ ಲೆಕ್ಕದಲ್ಲಿ ಚೇಂಬರ್ ಬಾಡಿಗೆ ಪಡೆದು ಪ್ರಿ-ಕಂಪ್ಲೈಯನ್ಸ್, ಅಂದರೆ ಪೂರ್ವಭಾವಿ ಟೆಸ್ಟ್, ಮಾಡಿ. ದುಡ್ಡು ಉಳಿಯುವುದು ಅಲ್ಲೇ.

ಟೆಸ್ಟ್ ದಿನ ನೀವೇ ಇರಬೇಕು. ಲ್ಯಾಬ್‌ನವರಿಗೆ ನಿಮ್ಮ ಮೀಟರ್ ಸರಿ ಹೇಳುತ್ತಿದೆಯಾ ತಪ್ಪು ಹೇಳುತ್ತಿದೆಯಾ ಗೊತ್ತಿರುವುದಿಲ್ಲ. ಎಷ್ಟು ಆಚೀಚೆ ಆದರೆ ಫೇಲ್ ಅಂತ ನೀವೇ ಮೊದಲು ಬರೆದುಕೊಡಬೇಕು. ಉದಾಹರಣೆಗೆ ರೇಡಿಯೊ ಟೆಸ್ಟ್ ನಡೆಯುವಾಗ ರೀಡಿಂಗ್ 0.5ಕ್ಕಿಂತ ಜಾಸ್ತಿ ಕದಲಬಾರದು, ಇಎಸ್‌ಡಿ ಏಟಿನಲ್ಲಿ ಕದಲಿದರೂ ತಾನಾಗಿ ಸರಿಹೋಗಬೇಕು. 0.5 ಅಂತ ನಾನು ಹೇಳುವುದು ಸುಮ್ನೆ ಅಲ್ಲ. ರೊಬಸ್ಟಾ ಚೆರಿಗೆ (ಹಣ್ಣನ್ನು ಹಾಗೇ ಒಣಗಿಸಿದ್ದು) ಶೇಕಡಾ 11, ಪಾರ್ಚ್‌ಮೆಂಟ್‌ಗೆ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ್ದು) 10 ಅಂತ ನಾವು ಒಣಗಿಸುವಾಗ ಒಂದು ಪಾಯಿಂಟ್ ಅಂದರೆ ದುಡ್ಡು.

ಬೀಜ ತುಂಬಿಕೊಂಡು ಚೇಂಬರ್ ಒಳಗೆ ಹೋಗಬೇಡಿ. ಎಸಿ ಗಾಳಿಗೆ ಬೀಜವೇ ಒಣಗುತ್ತದೆ. ಆಗ ರೀಡಿಂಗ್ ಇಳಿದದ್ದು ಬೀಜದಿಂದಲಾ, ರೇಡಿಯೊದಿಂದಲಾ ಹೇಳಲು ಆಗುವುದಿಲ್ಲ. ಕಪ್ಪಿಗೆ ಸರಿಯಾಗಿ ಕೂರುವ ಗಟ್ಟಿ ಪ್ಲಾಸ್ಟಿಕ್ ಉಂಡೆಯೊಂದನ್ನು ಲೇಥ್‌ನಲ್ಲಿ ಮಾಡಿಸಿ, ನಡುವೆ ಕಂಬಿಗೆ ತೂತು ಬಿಡಿ. ಅದು ಯಾವಾಗಲೂ ಒಂದೇ ರೀಡಿಂಗ್ ತೋರಿಸುತ್ತದೆ. ಫರ್ಮ್‌ವೇರ್‌ನಲ್ಲಿ ಆಟೊ ಆಫ್ ತೆಗೆದುಹಾಕಿ, ಇಲ್ಲದಿದ್ದರೆ ಟೆಸ್ಟ್ ನಡುವೆ ಮೀಟರ್ ಮಲಗಿಬಿಡುತ್ತದೆ. ಒಳಗಿನ ಕ್ಯಾಮೆರಾದಲ್ಲಿ ಡಿಸ್‌ಪ್ಲೇ ಓದಬೇಕು, ಹಾಗಾಗಿ ಅಂಕಿ ದೊಡ್ಡದಾಗಿ ಬರಲಿ. ಬ್ಯಾಗ್‌ನಲ್ಲಿ ಎರಡು ಮೂರು ಹೆಚ್ಚಿನ ಬೋರ್ಡ್, ಸೋಲ್ಡರಿಂಗ್ ಐರನ್, ತಾಮ್ರದ ಟೇಪ್, ಕೇಬಲ್ ಮೇಲೆ ಹಾಕುವ ಫೆರೈಟ್ ಇಟ್ಟುಕೊಳ್ಳಿ. ಮಡಿಕೇರಿಯಿಂದ ಬೆಂಗಳೂರು 250 ಕಿಲೋಮೀಟರ್ ಹತ್ತಿರ. ಒಂದು ರೆಸಿಸ್ಟರ್‌ಗೋಸ್ಕರ ವಾಪಸ್ ಬರುವ ದೂರ ಅಲ್ಲ.

ಗೋಣಿಕೊಪ್ಪ ಪಾರ್ಸಲ್:

ಒಂದು ಸೇರಿಸುತ್ತೇನೆ. ಕೊರಿಯರ್ ಕೆಲಸದಲ್ಲಿ ಇರುವವನು. ಲಿಥಿಯಂ ಸೆಲ್ ಒಳಗಿದ್ದರೆ ವಿಮಾನದಲ್ಲಿ ಹೋಗಲು ಸೆಲ್ ತಯಾರಕರಿಂದ ಯುಎನ್ 38.3 ಅನ್ನುವ ಸಾಗಣೆ ಸುರಕ್ಷತೆಯ ಟೆಸ್ಟ್ ಸಾರಾಂಶ ಬೇಕು. ಪಾರ್ಸಲ್‌ಗೆ ಹಾಕುವ ನಂಬರ್, ಉಪಕರಣದ ಜೊತೆಗಿನ ಬ್ಯಾಟರಿಗೆ ಯುಎನ್ 3481, ಬಿಡಿ ಸೆಲ್‌ಗೆ ಯುಎನ್ 3480. ಬಿಡಿ ಸೆಲ್ ಆದರೆ ನಿಯಮ ಇನ್ನೂ ಬಿಗಿ. ಆ ಸಾರಾಂಶ ಕೊಡಲು ಒಪ್ಪದ ಅಂಗಡಿಯಿಂದ ಸೆಲ್ ತೆಗೆದುಕೊಳ್ಳಬೇಡಿ. ಡಿಸೈನ್ ಮುಗಿಯುವ ಮೊದಲೇ ಇದನ್ನು ಕೇಳಿ ಇಟ್ಟುಕೊಳ್ಳಿ.

ಸುಂಟಿಕೊಪ್ಪದ ತೋಟದವ:

ಇದು ಯಾರೂ ಹೇಳಿರಲಿಲ್ಲ, ಸೆಲ್ ಅಂಗಡಿಗೆ ಇವತ್ತೇ ಬರೆಯುತ್ತೇನೆ. ಆಂಟೆನಾ ಸರ್, ಕೊನೆಯದಾಗಿ ಎರಡು. ಮೀಟರ್ ಮೇಲೆ ಏನೇನು ಬರೆಯಬೇಕು? ಆಸ್ಟ್ರೇಲಿಯಾದಿಂದಲೂ ಒಬ್ಬರು ಕೇಳುತ್ತಿದ್ದಾರೆ, ಅದಕ್ಕೆ ಮತ್ತೆ ಎಲ್ಲಾ ಟೆಸ್ಟ್ ಮಾಡಿಸಬೇಕಾ?

ಪೊನ್ನಂಪೇಟೆ ಆಂಟೆನಾ:

ಸಿಇ ಗುರುತು ಕನಿಷ್ಠ 5 ಮಿಲಿಮೀಟರ್ ಎತ್ತರ. ಮಾಡೆಲ್, ಸೀರಿಯಲ್ ಅಥವಾ ಬ್ಯಾಚ್ ನಂಬರ್, ನಿಮ್ಮ ಹೆಸರು, ಅಂಚೆ ವಿಳಾಸ. ಸುಂಟಿಕೊಪ್ಪ ಅಂತಲೇ ಬರೆಯಿರಿ, ಚೆನ್ನಾಗಿರುತ್ತದೆ. ರೋಸ್ಟರ್ ತರಿಸಿಕೊಂಡು ಮಾರಿದರೆ ಅವರೇ ಇಂಪೋರ್ಟರ್, ಅವರ ಹೆಸರು ವಿಳಾಸವೂ ಬೇಕು. ಅವರ ಬ್ರ್ಯಾಂಡ್‌ನಲ್ಲಿ ಮಾರಿದರೆ ಕಾನೂನಿನ ಪ್ರಕಾರ ಅವರೇ ತಯಾರಕರಾಗುತ್ತಾರೆ. ಇದನ್ನು ಈಗಲೇ ಮಾತಾಡಿಕೊಳ್ಳಿ. ಮುಂದೆ ನೀವೇ ನೆಟ್‌ನಲ್ಲಿ ನೇರವಾಗಿ ಅಲ್ಲಿನ ಗಿರಾಕಿಗಳಿಗೆ ಮಾರಿದರೆ, 2021ರ ಜುಲೈ 16ರಿಂದ ಯುರೋಪಿನೊಳಗೆ ಒಬ್ಬರು ಜವಾಬ್ದಾರರು ಇರಲೇಬೇಕು. ಬಳಕೆಯ ಸೂಚನೆ ಇಟಾಲಿಯನ್ನಿನಲ್ಲಿ ಬೇಕು, ಅನುವಾದ ರೋಸ್ಟರೇ ನೋಡಿಕೊಡಬಹುದು.

ಆಸ್ಟ್ರೇಲಿಯಾದ ಗುರುತು ಆರ್‌ಸಿಎಂ. ಅಲ್ಲಿನ ನಿಯಂತ್ರಣ ಸಂಸ್ಥೆ ಎಸಿಎಂಎ, ಅಂತರರಾಷ್ಟ್ರೀಯ ಸಿಸ್ಪರ್ ಮತ್ತು ಯುರೋಪಿನ ಇಎನ್ ಸ್ಟ್ಯಾಂಡರ್ಡ್‌ಗಳನ್ನೇ ಒಪ್ಪುವುದರಿಂದ ಎಮಿಷನ್ ರಿಪೋರ್ಟ್ ಸಾಮಾನ್ಯವಾಗಿ ಅಲ್ಲಿಗೂ ಆಗುತ್ತದೆ. ಗುರುತು ಹಾಕುವ ಜವಾಬ್ದಾರಿ ಅಲ್ಲಿನ ಪೂರೈಕೆದಾರರದು, ಅವರು ಅಲ್ಲಿ ನೋಂದಾಯಿಸಿಕೊಂಡಿರಬೇಕು. ಹಾಗಾಗಿ ಲ್ಯಾಬ್‌ಗೆ ಬರೆಯುವಾಗ ಎರಡೂ ದೇಶ ಒಟ್ಟಿಗೆ ಹೇಳಿ: ಬ್ಯಾಟರಿ ಮತ್ತು ಯುಎಸ್‌ಬಿ ಚಾರ್ಜಿಂಗ್ ಇರುವ, ಕೈಯಲ್ಲಿ ಹಿಡಿಯುವ ತೇವಾಂಶ ಮೀಟರ್, ಬ್ಲೂಟೂತ್ ಇಲ್ಲ, ಯುರೋಪ್ ಮತ್ತು ಆಸ್ಟ್ರೇಲಿಯಾಗೆ, ಐಇಸಿ 61326-1, ಎಮಿಷನ್ ಕ್ಲಾಸ್ ಬಿ, ಇಮ್ಯೂನಿಟಿ ಇಂಡಸ್ಟ್ರಿಯಲ್, ಚಾರ್ಜ್ ಆಗುತ್ತಿರುವಾಗ ಒಮ್ಮೆ, ಬ್ಯಾಟರಿಯಲ್ಲಿ ಒಮ್ಮೆ. ಬ್ಲೂಟೂತ್ ಇಲ್ಲದ ಮಾಡೆಲ್ ಅಂದರೆ ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿದ್ದು ಅಲ್ಲ. ಇಎಸ್‌ಪಿ32 ಬದಲು ರೇಡಿಯೊ ಇಲ್ಲದ ಕಂಟ್ರೋಲರ್ ಹಾಕಿ, ಅದೇ ಬೋರ್ಡ್ ಟೆಸ್ಟ್‌ಗೆ ಹೋಗಲಿ. ಹೊಸ ಬೋರ್ಡ್‌ನ ಲೇಔಟ್ ಫ್ಯಾಬ್‌ಗೆ (ಬೋರ್ಡ್ ಮಾಡಿಕೊಡುವವರಿಗೆ) ಕಳಿಸುವ ಮೊದಲು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.